ಮಾತು ನಿಂತ ಮೆಟ್ಟಿಲು

"ನಿಮ್ಮನ್ನೇ ಯಾಕೆ ಆರಿಸಬೇಕು, ಹೇಳಿ ಡಾಕ್ಟ್ರೇ."

ಕುರ್ಚಿ ತೋರಿಸಿದರೂ ಅವಳು ಕೂರಲಿಲ್ಲ. ಕಾರು ಓಡಿಸಲು ಕಲಿಸುವವಳು ಅವಳು. ದಿನಾ ಅಪರಿಚಿತರ ಕೈಗೆ ಸ್ಟೇರಿಂಗ್ ಕೊಟ್ಟು ಪಕ್ಕದ ಸೀಟಿನಲ್ಲಿ ಕೂರುವ ಕೆಲಸ. ಶಿಷ್ಯರು ಬೆನ್ನ ಹಿಂದೆ 'ಬ್ರೇಕ್ ಮೇಡಂ' ಅನ್ನುತ್ತಿದ್ದರು. ಯಾರನ್ನು ನಂಬಬಹುದು ಎಂಬುದು ಮೊದಲ ತಿರುವಿನಲ್ಲೇ ತನಗೆ ಗೊತ್ತಾಗುತ್ತದೆ ಎಂಬ ಹೆಮ್ಮೆ ಅವಳಿಗಿತ್ತು.

ಆದರೆ ಇದು ಕಾರಲ್ಲ... ಅತ್ತೆಯ ಹೃದಯ.

ತಾಯಿಯಿಲ್ಲದ ಅವಳನ್ನು ಹೊಲಿಗೆ ಮಿಷನ್ನಿನ ಪಕ್ಕದಲ್ಲೇ ಕೂರಿಸಿಕೊಂಡು ಬೆಳೆಸಿದ ಸೋದರತ್ತೆ. ಊರಿನ ಅರ್ಧ ಮನೆಗಳ ಪರದೆ ಹೊಲಿದವರು. ಈಗೀಗ ನಾಲ್ಕು ಹೆಜ್ಜೆ ಬೇಗ ನಡೆದರೆ ಎದೆ ಬಿಗಿಯುತ್ತಿತ್ತು.

ಎರಡು ಕಡೆ ಆಗಲೇ ತೋರಿಸಿಯಾಗಿತ್ತು. ದೊಡ್ಡ ಆಸ್ಪತ್ರೆಯಲ್ಲಿ ಹೋದಾಗಲೆಲ್ಲ ಹೊಸ ಮುಖ. ಅತ್ತೆ ತಮ್ಮ ಪುರಾಣವನ್ನು ಮತ್ತೆ ಮೊದಲಿನಿಂದ ಹೇಳಬೇಕು. ಇನ್ನೊಂದು ಕಡೆ ಡಾಕ್ಟರು ಅತ್ತೆಯ ಬದಲು ತಮ್ಮ ಮೊಬೈಲನ್ನೇ ಪರೀಕ್ಷೆ ಮಾಡಿ ಕಳಿಸಿದರು. ಇವನು ಮೂರನೆಯವನು. ಕನ್ನಡಕದ ಅಂಗಡಿಯ ಮೇಲೆ ಸ್ವಂತದ್ದೊಂದು ಪುಟ್ಟ ಕ್ಲಿನಿಕ್. ಅವನು, ಒಬ್ಬರು ನರ್ಸಮ್ಮ, ಮುಗಿಯಿತು.

"ಆರಿಸಲೇಬೇಕು ಅಂತೇನಿಲ್ಲ," ಎಂದ ಅವನು. "ಆರಿಸಿದ್ರೆ ಮಾತ್ರ, ಪ್ರತಿ ಸಲ ನಾನೇ ಇರ್ತೀನಿ."

"ಹಾರ್ಟ್ ಡಾಕ್ಟರಾಗಿ ಲಿಫ್ಟ್ ಇಲ್ಲದ ಮಹಡಿ ಮೇಲೆ ಕೂತಿದ್ದೀರಲ್ಲ. ಇದ್ಯಾವ ನ್ಯಾಯ?"

ಅವನು ಮೊದಲ ಸಲ ನಕ್ಕ. ಎಲ್ಲರಿಗೂ ಇಸಿಜಿ ಕೆಳಗೆ, ಅಂಗಡಿಯ ಪಕ್ಕದ ಕೋಣೆಯಲ್ಲೇ ಅಂತೆ. ಕೂತಾಗಲೂ ನೋವಿರುವವರನ್ನು ಅಲ್ಲೇ ನೋಡುತ್ತಾನಂತೆ. ಹತ್ತಬಲ್ಲವರ ಜೊತೆ ಮಾತ್ರ ತಾನೇ ಮಾತಾಡಿಸುತ್ತಾ, ನಿಧಾನಕ್ಕೆ ಮೆಟ್ಟಿಲು ಹತ್ತುತ್ತಾನಂತೆ.

"ಮಾತು ಎಲ್ಲಿ ನಿಲ್ಲುತ್ತೋ, ಅಲ್ಲಿಂದ ನನ್ನ ಕೆಲಸ ಶುರು."

'ಮಾತು ಕೇಳುವ ಗಂಡಸರೇ ಕಡಿಮೆ. ಇವನು ಮೌನವನ್ನೂ ಕೇಳ್ತಾನಾ...'

ಅವಳು ಕುರ್ಚಿ ಎಳೆದು ಕೂತಳು. ಆಯ್ಕೆ ಮುಗಿದಿತ್ತು.

ಅಲ್ಲಿಂದ ಮುಂದೆ ತಿಂಗಳಿಗೊಮ್ಮೆ ಆ ಮೆಟ್ಟಿಲು. ಅತ್ತೆ ಪರದೆಗೆ ಅಳತೆ ತಪ್ಪು ಕೊಟ್ಟ ಗಿರಾಕಿಗಳ ಕಥೆ ಹೇಳುತ್ತಾ ಹತ್ತುವರು. ಅವನು ಒಂದು ಮೆಟ್ಟಿಲು ಹಿಂದೆ, ಕೈ ಚಾಚಿದರೆ ಹಿಡಿಯುವಷ್ಟು ಹತ್ತಿರ.

"ನಿನ್ನ ಮಾವ ಇದ್ದಿದ್ರೆ, ಹೆಂಡತಿ ಮಾತು ಕೇಳೋದು ಕಲೀಲಿ ಅಂತ ಈತನ ಹತ್ರ ಟ್ಯೂಷನ್‌ಗೆ ಕಳಿಸ್ತಿದ್ದೆ ಕಣೇ," ಎಂದರು ಅತ್ತೆ ಒಮ್ಮೆ, ಅವನಿಗೆ ಕೇಳುವ ಹಾಗೆಯೇ.

ಅವಳ ಪ್ರಶ್ನೆಗಳಿಗಂತೂ ಕೊನೆಯಿರಲಿಲ್ಲ. ಈ ಮಾತ್ರೆ ಯಾಕೆ, ಆ ಮಾತ್ರೆ ಬಿಟ್ಟರೇನು, ಇಸಿಜಿಯ ಗೆರೆ ಇಲ್ಲೇಕೆ ಬಾಗಿದೆ. ಅವನು ಕಾಗದದ ಮೇಲೆ ಹೃದಯ ಬರೆದು, ರಕ್ತನಾಳ ಎಳೆದು ತೋರಿಸುತ್ತಿದ್ದ. ಉತ್ತರ ಮುಗಿದ ಮೇಲೂ ಇಬ್ಬರೂ ಆ ಕಾಗದವನ್ನೇ ನೋಡುತ್ತಾ ಕೂತಿರುತ್ತಿದ್ದರು. ಏಳಲು ಯಾರಿಗೂ ಅವಸರವಿರಲಿಲ್ಲ. ಅತ್ತೆ ಕೆಮ್ಮಿದ ಮೇಲೆಯೇ ಎಚ್ಚರ.

ಆಮೇಲೊಂದು ದಿನ, ಅರ್ಧ ಮೆಟ್ಟಿಲಿನಲ್ಲಿ, ಅರ್ಧ ವಾಕ್ಯದಲ್ಲಿ, ಅತ್ತೆ ನಿಂತರು. ಕಂಬಿ ಹಿಡಿದು ನಕ್ಕು, ಮುಂದಿನದು ಮರೆತೇಹೋಯಿತು ಎಂದರು.

ಮರೆತಿರಲಿಲ್ಲ. ಉಸಿರು ಸಾಲದೆ ಹೋಗಿತ್ತು.

ಡಾಕ್ಟರ್ ಅತ್ತೆಯನ್ನು ನೋಡಿದ. ಆಮೇಲೆ ಅವಳನ್ನು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಕೆಳಗೆ ಕರೆದೊಯ್ದು ಮತ್ತೊಮ್ಮೆ ಇಸಿಜಿ ಮಾಡಿಸಿ, ಮಾತ್ರೆ ಸ್ವಲ್ಪ ಹೆಚ್ಚಿಸೋಣ, ಉಳಿದದ್ದು ಮುಂದಿನ ತಿಂಗಳು ನೋಡೋಣ ಎಂದ. ಅವಳಿಗೆ ಹೋದ ಜೀವ ಬಂದಂತಾಯಿತು.

ಮರುದಿನ ಬೆಳಿಗ್ಗೆಯೇ ಅವನ ಫೋನ್ ಬಂತು. ಇನ್ನು ಮುಂದೆ ತಾನು ಅತ್ತೆಯನ್ನು ನೋಡುವುದಿಲ್ಲ. ಹಿರಿಯ ಡಾಕ್ಟರಮ್ಮ ಒಬ್ಬರಿಗೆ ಹೇಳಿಯಾಗಿದೆ, ಇವತ್ತೇ ಹೋಗಿ. ಯಾಕೆಂದು ಕೇಳಿದರೆ, ಅವರು ತನಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದಷ್ಟೇ ಹೇಳಿ ಇಟ್ಟುಬಿಟ್ಟ.

'ಪ್ರತಿ ಸಲ ನಾನೇ ಇರ್ತೀನಿ ಅಂದವನು ಇವನೇನಾ?'

ಅತ್ತೆಯನ್ನು ಕರೆದುಕೊಂಡು ಹೋದಳು. ಆಂಜಿಯೋಗ್ರಾಂ ಆಯಿತು. ಒಂದು ರಕ್ತನಾಳ ಹೆಚ್ಚುಕಡಿಮೆ ಪೂರ್ತಿ ಕಟ್ಟಿಕೊಂಡಿತ್ತು. ಅಲ್ಲೇ ಸ್ಟೆಂಟ್ ಹಾಕಿದರು. ಅತ್ತೆ ಉಳಿದರು.

ಅವಳ ಸಿಟ್ಟು ಮಾತ್ರ ಆರಲಿಲ್ಲ. ಕೇಸು ಕೈಮೀರುತ್ತದೆ ಅನ್ನಿಸಿದ ಕೂಡಲೇ ಮೆಲ್ಲಗೆ ಜಾರಿಕೊಂಡ. ತನ್ನ ಪ್ರಶ್ನೆಗಳಿಗೆ ಹೆದರಿ ಓಡಿದ. ಅಂಥವನನ್ನು ಆರಿಸಿದ್ದು ತಾನೇ... ಅಂಥವನಿಗಾಗಿ ಪ್ರತಿ ತಿಂಗಳೂ ಕಾದದ್ದೂ ತಾನೇ.

ಅತ್ತೆ ಹಾಸಿಗೆಯಲ್ಲಿ ಒರಗಿ, ವಾರ್ಡಿನ ಪರದೆಗಳ ಹೊಲಿಗೆ ಎಷ್ಟು ಕೆಟ್ಟದಾಗಿದೆ ಎಂದು ನರ್ಸುಗಳಿಗೆ ಪಾಠ ಮಾಡುತ್ತಿದ್ದರು. ಅವಳ ದೂರನ್ನೆಲ್ಲ ಕೇಳಿಸಿಕೊಂಡು, ಡಾಕ್ಟರಮ್ಮ ತಮಗೆ ಹೇಳಿದ್ದನ್ನು ಹೇಳಿದರು. ಫೋನಿಟ್ಟ ಮೇಲೆ ಅವನು ಕ್ಲಿನಿಕ್ ಮುಚ್ಚಿ ಎಲ್ಲ ರಿಪೋರ್ಟುಗಳ ಸಮೇತ ಅಲ್ಲಿಗೆ ಬಂದಿದ್ದನಂತೆ. ಸ್ಟೆಂಟ್ ಹಾಕಿ ಮುಗಿಯುವವರೆಗೂ ಹಿಂದಿನ ಕಾರಿಡಾರಿನಲ್ಲಿ ಕೂತಿದ್ದು, ಮನೆಯವರನ್ನು ಕರೆಯುವ ಮೊದಲೇ ಎದ್ದುಹೋದನಂತೆ.

"ಓಡಿಹೋದೋನು ಹೀಗೆ ಕೂತಿರ್ತಾನೇನೇ, ಪೆದ್ದಿ?"

ಅವಳು ಹೊರಗೆ ಹೋಗಿ ಅವನಿಗೆ ಫೋನ್ ಮಾಡಿ, ಸಂಜೆ ಡ್ರೈವಿಂಗ್ ಮೈದಾನಕ್ಕೆ ಬನ್ನಿ ಎಂದಳು. ಕೇಳಿಕೊಳ್ಳಲಿಲ್ಲ, ಹೇಳಿದಳು.

ಅವನು ಬಂದ. ಕೊನೆಯ ಶಿಷ್ಯೆ ಇಳಿದುಹೋದ ಮೇಲೆ ಕಾರಿನಲ್ಲಿ ಬಂದು ಕೂತ. ಸ್ಟೆತಸ್ಕೋಪ್ ಇಲ್ಲದ ಕೈಗಳನ್ನು ಎಲ್ಲಿಡಬೇಕೋ ಅವನಿಗೆ ತಿಳಿಯುತ್ತಿರಲಿಲ್ಲ. ಮೈದಾನದಾಚೆ ರಸ್ತೆಯ ದೀಪಗಳು ಒಂದೊಂದಾಗಿ ಹತ್ತಿಕೊಳ್ಳುತ್ತಿದ್ದವು.

"ಅವತ್ತು ಮಾತು ನಿಂತಾಗಲೇ ನನಗೆ ಗೊತ್ತಾಗಿತ್ತು," ಎಂದ ಕೊನೆಗೆ. "ಬೇರೆ ಯಾರೇ ಆಗಿದ್ರೂ ಅಲ್ಲೇ ಆಂಜಿಯೋಗ್ರಾಂಗೆ ಬರೀತಿದ್ದೆ. ನಿಮ್ಮ ಮುಖ ನೋಡಿದೆ... ಮುಂದಿನ ತಿಂಗಳು ಅಂದುಬಿಟ್ಟೆ."

ಅವಳು ಅವನ ಕಡೆ ತಿರುಗಿದಳು.

"ಆ ತಿಂಗಳಲ್ಲಿ ಏನಾದ್ರೂ ಆಗಿದ್ರೆ?"

"ಅದಕ್ಕೇ ನಿದ್ದೆ ಬರಲಿಲ್ಲ. ನಿಮ್ಮ ಮುಖಕ್ಕೆ ಹೆದರೋ ಡಾಕ್ಟರು ನಿಮ್ಮ ಅತ್ತೆಗೆ ಬೇಡ ಅನ್ನಿಸ್ತು."

"ಫೋನಲ್ಲೇ ಹೇಳಬಹುದಿತ್ತಲ್ಲ."

"ಹೇಳಿದ್ರೆ, ಯಾಕೆ ಹೆದರಿದೆ ಅಂತಾನೂ ಹೇಳಬೇಕಾಗ್ತಿತ್ತು."

ಕಾಗದದ ಮೇಲಿನ ಹೃದಯವನ್ನು ನೋಡುತ್ತಾ ಕೂತಾಗ ಇರುತ್ತಿತ್ತಲ್ಲ, ಅದೇ ಮೌನ. ಈ ಸಲ ಕೆಮ್ಮಲು ಅತ್ತೆ ಇರಲಿಲ್ಲ.

'ದಾರಿ ತಪ್ಪದವರು ಯಾರೂ ಇಲ್ಲ. ತಪ್ಪಿದ್ದು ತಿಳಿದ ಕೂಡಲೇ ಗಾಡಿ ನಿಲ್ಲಿಸಿ, ಸ್ಟೇರಿಂಗ್ ಬಿಟ್ಟುಕೊಡುವವರು ಎಷ್ಟು ಜನ?' ಇಷ್ಟು ವರ್ಷ ಕಲಿಸಿದರೂ ಅವಳಿಗೆ ಅಂಥವರು ಸಿಕ್ಕಿದ್ದೇ ಅಪರೂಪ. ತನ್ನ ಆಯ್ಕೆ ತಪ್ಪಿರಲಿಲ್ಲ.

"ಈಗ ನೀವು ಅತ್ತೆಯ ಡಾಕ್ಟರಲ್ಲ," ಎಂದಳು. "ಈಗ ಹೇಳಿ. ಯಾಕೆ ಹೆದರಿದ್ರಿ?"

"ನಿಮ್ಮನ್ನ ಪ್ರೀತಿಸ್ತೀನಿ. ಅದಕ್ಕೆ."

ಎಲ್ಲಿಡಬೇಕೆಂದು ತಿಳಿಯದ ಆ ಕೈಯನ್ನು ಅವಳು ತನ್ನ ಕೈಯೊಳಗೆ ತೆಗೆದುಕೊಂಡಳು.

"ನಾನೂ," ಎಂದಳು. "ನಿಮ್ಮ ಉತ್ತರ ಅರ್ಥವಾದ ಮೇಲೂ ಅರ್ಥವಾಗದವಳ ಹಾಗೆ ಎಷ್ಟು ಸಲ ಕೂತಿದ್ದೀನಿ ಗೊತ್ತಾ..."

ಅವನು ನಕ್ಕ. ಕಣ್ಣು ಒದ್ದೆಯಾಗಿತ್ತು. ಸ್ವಲ್ಪ ಹೊತ್ತಿನ ನಂತರ ಅವಳೇ ಕೇಳಿದಳು.

"ಮುಂದೆ ನನ್ನ ಹೃದಯಕ್ಕೇ ಏನಾದ್ರೂ ಆದ್ರೆ?"

"ನಾನು ನೋಡಲ್ಲ. ಬೇರೆ ಒಳ್ಳೆ ಡಾಕ್ಟರನ್ನ ಹುಡುಕಿಕೊಡ್ತೀನಿ."

"ಬೇಡ ಬಿಡಿ," ಎಂದು ಅವಳು ಅವನ ಭುಜಕ್ಕೆ ತಲೆಯಾನಿಸಿದಳು. "ಆರಿಸೋದು ನನಗೇ ಚೆನ್ನಾಗಿ ಬರುತ್ತೆ."