ಹದಿನೈದನೇ ಬ್ಯಾಚ್

"ಇದು ನಿಮ್ಮ ಸ್ವಂತದ್ದಲ್ಲ. ಎಲ್ಲಿಂದಲೋ ಕದ್ದಿದ್ದು," ಎಂದ ಐನಾರ್. ಅವನ ಮುಂದಿದ್ದ ಮೈಕು ಆ ಮಾತನ್ನು ಇಡೀ ಸಭೆಗೆ ಕೇಳಿಸಿತು.

ಗೋಥೆನ್‌ಬರ್ಗಿನ ಬಂದರಿನ ಹಳೇ ಗೋದಾಮಿನಲ್ಲಿ ಸೇರಿದ್ದ ಇನ್ನೂರು ಜನ ಅವನತ್ತ ತಿರುಗಿದರು. ಅಂಗಡಿಯಲ್ಲಿ ಸಿಗುವ ಇಷ್ಟದ ಬಿಯರ್ ಒಂದನ್ನು ಮನೆಯಲ್ಲಿ ಹಾಗೇ ತಯಾರಿಸಿ ತರುವ ಸ್ಪರ್ಧೆ ಅದು. ಟ್ರಾಮ್ ಓಡಿಸುವ ಸಿಗ್ನೆ ಆರಿಸಿಕೊಂಡಿದ್ದು 'ಗ್ರೋಸೆಲ್' ಬಿಯರನ್ನು. ಆವತ್ತಿನ ತೀರ್ಪುಗಾರ ಐನಾರ್, ಗ್ರೋಸೆಲ್ ತಯಾರಾಗುವ ಕಾರ್ಖಾನೆಯ ಮುಖ್ಯ ಬ್ರೂವರ್.

"ನಮ್ಮ ರೆಸಿಪಿ ಮೂರೇ ಜನಕ್ಕೆ ಗೊತ್ತು. ನಿಮಗೆ ಯಾರು ಕೊಟ್ರು?"

"ನನ್ನ ನಾಲಿಗೆ ಕೊಡ್ತು," ಎಂದಳು ಸಿಗ್ನೆ.

ಯಾರೋ ಕಿಸಕ್ಕನೆ ನಕ್ಕರು. ಐನಾರನ ಕಿವಿಗಳು ಕೆಂಪಾದವು. ಮೊದಲು ಕಿವಿ, ಆಮೇಲೆ ಕೆನ್ನೆ. ಅಷ್ಟು ಸಿಟ್ಟಿನಲ್ಲೂ ಅದನ್ನು ಗಮನಿಸಿದ್ದಕ್ಕೆ ಸಿಗ್ನೆಗೆ ತನ್ನ ಮೇಲೇ ಸಿಟ್ಟು ಬಂತು.

"ಶನಿವಾರ ಬೆಳಗ್ಗೆ ಒಂಬತ್ತಕ್ಕೆ ನಮ್ಮ ಬಿಲ್ಡಿಂಗಿನ ನೆಲಮಾಳಿಗೆಗೆ ಬನ್ನಿ. ನಿಮ್ಮ ಕಣ್ಣೆದುರಿಗೇ ಮಾಡಿ ತೋರಿಸ್ತೀನಿ. ಬರಕ್ಕೆ ಧೈರ್ಯ ಇಲ್ಲ ಅಂದ್ರೆ ಈಗಲೇ ಹೇಳಿ, ಬಹುಮಾನ ತಗೊಂಡು ಹೋಗ್ತೀನಿ."

ಸ್ಪರ್ಧೆ ನಡೆಸುತ್ತಿದ್ದ ಕ್ಲಬ್ಬಿನ ಅಧ್ಯಕ್ಷೆ ಬೆರಿತ್ ಬಹುಮಾನದ ಓಕ್ ಮರದ ಸೌಟನ್ನು ತನ್ನ ಚೀಲಕ್ಕೆ ತುರುಕಿಕೊಂಡಳು. "ಆ ಬ್ಯಾಚನ್ನ ಕ್ಲಬ್ಬಿನ ಸಭೇಲಿ ಎಲ್ರೂ ರುಚಿ ನೋಡೋತನಕ ಇದು ನನ್ನ ಹತ್ರ ಇರತ್ತೆ. ನಲವತ್ತು ವರ್ಷ ಜನರ ಹಲ್ಲು ಕಿತ್ತಿದ್ದೀನಿ, ನನ್ನ ಕೈಯಿಂದ ಯಾರೂ ಏನೂ ಕಿತ್ಕೊಳಕ್ಕಾಗಲ್ಲ."

ಶನಿವಾರ ಒಂಬತ್ತಕ್ಕೆ ಇನ್ನೂ ಹತ್ತು ನಿಮಿಷ ಇರುವಾಗಲೇ ಅವನು ಬಂದ. ಕೈಯಲ್ಲಿ ದಾಲ್ಚಿನ್ನಿ ಬನ್ನಿನ ಪೊಟ್ಟಣ.

"ಲಂಚಾನಾ?"

"ತಿಂಡಿ. ಲಂಚ ಆಗಿದ್ರೆ ಸೀಗಡಿ ಸ್ಯಾಂಡ್‌ವಿಚ್ ತರ್ತಿದ್ದೆ."

ಅವಳು ನಗಲಿಲ್ಲ. ನಗು ಬಂದಿತ್ತು, ತಡೆದುಕೊಂಡಳು.

ನೆಲಮಾಳಿಗೆಯಲ್ಲಿ ಬಿಲ್ಡಿಂಗಿನವರೆಲ್ಲ ಸರದಿಯಂತೆ ಬಟ್ಟೆ ಒಗೆಯುವ ಕೋಣೆಯ ಅವತ್ತಿನ ಪಾಳಿಯನ್ನು ಸಿಗ್ನೆ ತನ್ನ ಹೆಸರಿಗೆ ಬರೆದುಕೊಂಡಿದ್ದಳು. ತಂತಿಯ ಮೇಲೆ ಯಾರೋ ಮರೆತುಹೋದ ಕಾಲುಚೀಲ ಒಣಗುತ್ತಿತ್ತು. ಅದರ ಕೆಳಗೆ ಅವಳ ಹಂಡೆ. ಪುಡಿ ಮಾಡಿದ ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಬಿಸಿನೀರಿಗೆ ಸುರಿದು ತಿರುವತೊಡಗಿದಳು. ಐನಾರ್ ಥರ್ಮಾಮೀಟರಿಗೆ ಕೈ ಚಾಚಿದ.

"ಕೈ ಹಿಂದೆ! ನೀವಿಲ್ಲಿ ಪೊಲೀಸು, ನೋಡೋದಷ್ಟೇ."

"ಪೊಲೀಸ್ರಿಗೂ ಒಂದು ಕುರ್ಚಿ ಕೊಡ್ತಾರೆ."

ಅವಳು ಬಟ್ಟೆಬುಟ್ಟಿಯನ್ನು ಬೋರಲು ಹಾಕಿ ಕೊಟ್ಟಳು. ಆರಡಿ ಎರಡಿಂಚಿನ ಆಸಾಮಿ ಮೊಣಕಾಲು ಮಡಚಿಕೊಂಡು ಅದರ ಮೇಲೆ ಕೂತ. ಅವನ ಮುಂಗೈಯಲ್ಲಿ ಹಬೆ ತಾಗಿ ಸುಟ್ಟ ಹಳೇ ಕಲೆಗಳಿದ್ದವು. ಅವಳ ಕಣ್ಣು ಥರ್ಮಾಮೀಟರಿಗಿಂತ ಹೆಚ್ಚಾಗಿ ಅತ್ತಲೇ ಹೋಗುತ್ತಿತ್ತು. ತಲೆಯೆತ್ತಿದರೆ ಅವನೂ ಇತ್ತಲೇ ನೋಡುತ್ತಿದ್ದ. ಇಬ್ಬರೂ ಅವಸರವಾಗಿ ಹಂಡೆಯೊಳಗೆ ನೋಡಿದರು.

ಸೋಸಿದ ಸಿಹಿ ರಸ ಕುದಿಯತೊಡಗಿತು. ಕಹಿಗೆ ಹಾಪ್ಸ್ ಹೂ ಹಾಕಿದ್ದಾಯಿತು. ಕುದಿ ಮುಗಿಯಲು ಹತ್ತು ನಿಮಿಷ ಇದ್ದಾಗ ಸಿಗ್ನೆ ಒಂದು ಗಾಜಿನ ಡಬ್ಬಿಯ ಮುಚ್ಚಳ ತೆಗೆದಳು. ಕೆರೆಯಂಚಿನ ಜೌಗಿನಲ್ಲಿ ಬೆಳೆಯುವ ಪೋರ್ಸ್ ಗಿಡದ ಒಣಗಿದ ಎಲೆ. ಕಹಿಯೂ ಅಲ್ಲದ, ಸಿಹಿಯೂ ಅಲ್ಲದ ಅದರ ಘಮ ಕೋಣೆ ತುಂಬಿತು.

ಐನಾರ್ ಎದ್ದು ನಿಂತ. "ಇದು... ಇದನ್ನ ಹೇಗೆ ಕಂಡುಹಿಡಿದ್ರಿ?"

"ಹದಿನಾಲ್ಕು ಬ್ಯಾಚ್ ಮಾಡಿ. ಹದಿಮೂರು ಸಲ ಚರಂಡಿಗೆ ಸುರಿದು." ಅವಳು ಎಲೆಗಳನ್ನು ಹಂಡೆಗೆ ಉದುರಿಸಿದಳು. "ನೀವು ಇದನ್ನ ಹಾಕೋದು ನಿಲ್ಲಿಸಿಬಿಟ್ರಿ, ಅಲ್ವಾ?"

ಅವನು ಮತ್ತೆ ಬುಟ್ಟಿಯ ಮೇಲೆ ಕೂತ.

ಸಿಗ್ನೆ ಗೋಡೆಗೆ ಅಂಟಿಸಿದ್ದ ಕಾಗದವೊಂದನ್ನು ಕಿತ್ತು ಅವನ ಮುಂದೆ ಹಿಡಿದಳು. "ಎರಡು ವರ್ಷದ ಹಿಂದೆ ಗ್ರೋಸೆಲ್ ರುಚಿ ಕೆಟ್ಟುಹೋಯ್ತು. ನಾನು ಹೇಳಿದ್ರೆ ಸ್ನೇಹಿತರು ನಕ್ರು. ನಿನ್ನ ನಾಲಿಗೇನೇ ಸತ್ತಿದೆ ಅಂದ್ರು. ಕಾರ್ಖಾನೆಗೇ ಬರೆದೆ. ಉತ್ತರ ಓದಿ."

ಅವನು ಓದಬೇಕಾಗಿರಲಿಲ್ಲ. 'ನಮ್ಮ ಬಿಯರಿನಲ್ಲಿ ಯಾವ ಬದಲಾವಣೆಯೂ ಆಗಿಲ್ಲ.' ಕೆಳಗೆ ಅವನದೇ ಸಹಿ.

"ದೊಡ್ಡ ಕಂಪನಿ ನಮ್ಮನ್ನ ಕೊಂಡುಕೊಳ್ತು," ಎಂದ ಅವನು ಮೆಲ್ಲಗೆ. "ಕೈಯಲ್ಲಿ ಕೀಳೋ ಎಲೆ ದುಬಾರಿ, ಬಿಟ್ಬಿಡಿ, ಯಾರಿಗೂ ಗೊತ್ತಾಗಲ್ಲ ಅಂದ್ರು. ನಾನು ಬಿಟ್ಟೆ. ಮೊನ್ನೆ ನಿಮ್ಮ ಗ್ಲಾಸ್ ಬಾಯಿಗಿಟ್ಟಾಗ ನಾನು ಕೈಬಿಟ್ಟ ಬಿಯರೇ ಎದುರಿಗೆ ಬಂದು ನಿಂತ ಹಾಗಾಯ್ತು. ಹೆದರಿಬಿಟ್ಟೆ."

"ನೀವು ಹೆದರಿದ್ರಿ, ಕಳ್ಳಿ ಅನ್ನಿಸ್ಕೊಂಡಿದ್ದು ನಾನು. ಹೊರಗೆ ನಡೀರಿ."

"ಕುದಿ ಮುಗಿಯಕ್ಕೆ ಇನ್ನೂ ಆರು ನಿಮಿಷ ಇದೆ."

"ಆರು ನಿಮಿಷ ಆದ್ಮೇಲೆ ನಡೀರಿ."

ಸೋಮವಾರ ಸಂಜೆ ಅವನು ಅವಳ ಹನ್ನೊಂದನೇ ನಂಬರ್ ಟ್ರಾಮ್ ಹತ್ತಿ, ಸಾಲ್ಟ್‌ಹೋಲ್ಮೆನ್‌ವರೆಗೂ ಕೂತಿದ್ದ. ಅಲ್ಲಿ ಹಳಿ ಮುಗಿಯುತ್ತದೆ, ಸಮುದ್ರ ಶುರುವಾಗುತ್ತದೆ. ಸಿಗ್ನೆಗೆ ಅಲ್ಲಿ ಹತ್ತು ನಿಮಿಷ ಬಿಡುವು.

"ಕ್ಷಮೆ ಕೇಳಕ್ಕೆ ಬಂದೆ."

"ಅವಮಾನ ಮೈಕಲ್ಲಿ ಮಾಡಿ, ಕ್ಷಮೆ ಕಿವೀಲಿ ಕೇಳ್ತೀರಾ? ಸಾಲದು."

ಅವನು ತಲೆಯಾಡಿಸಿದ. ಏನೂ ಮಾತು ಕೊಡಲಿಲ್ಲ. ಆದರೆ ಮರುದಿನವೂ ಬಂದ, ಅದರ ಮರುದಿನವೂ. ಹೊಸ ಬ್ಯಾಚ್ ಹುದುಗಲು ಇಟ್ಟ ಬಕೆಟ್ ಗುಳುಗುಳು ಅನ್ನುತ್ತಿದೆಯಾ ಎಂದು ವಿಚಾರಿಸಿದ. ಕಡಲಕಾಗೆಯೊಂದು ಅವನ ಬನ್ನನ್ನು ಕೈಯಿಂದಲೇ ಕಸಿದುಕೊಂಡು ಹಾರಿದಾಗ ಸಿಗ್ನೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ತನ್ನದರಲ್ಲಿ ಅರ್ಧ ಮುರಿದು ಕೊಟ್ಟಳು.

ಮೂರನೇ ವಾರ ಬಾಟಲಿ ತುಂಬುವ ದಿನ ಅವಳೇ ಕರೆದಳು. ಅವನು ತುಂಬಿದ, ಅವಳು ಮುಚ್ಚಳ ಒತ್ತಿದಳು. ಬಾಟಲಿ ಕೈ ಬದಲಾಯಿಸುವಾಗಲೆಲ್ಲ ಒದ್ದೆ ಬೆರಳುಗಳು ಒಂದಕ್ಕೊಂದು ತಾಗಿದವು.

"ಬಾಟಲಿ ಕೊಡೋದಕ್ಕೆ ಇಷ್ಟು ಹೊತ್ತು ಯಾಕೆ ನಿನಗೆ?" ಎಂದಳು ಅವಳು.

"ಜಾರತ್ತೆ ಅಂತ ಭಯ."

"ಸುಳ್ಳ." ಆದರೆ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಕ್ಲಬ್ಬಿನ ಸಭೆಗೆ ಐದು ದಿನ ಇರುವಾಗ, ಸೋಮವಾರ, ಅವನು ಕಂಪನಿಯ ಪತ್ರವೊಂದನ್ನು ತಂದು ತೋರಿಸಿದ. ಸಿಗ್ನೆಯ ಬಿಯರ್ ಕದ್ದ ರೆಸಿಪಿಯದು, ಅದನ್ನು ಸಭೆಯಲ್ಲಿ ಗ್ಲಾಸಿಗೆ ಸುರಿದು ಕೊಡುವಂತಿಲ್ಲ ಎಂದಿತ್ತು ಅದರಲ್ಲಿ. ಕ್ಲಬ್ಬಿಗೆ ಆಗಲೇ ಒಂದು ಪ್ರತಿ ಹೋಗಿತ್ತು. ಇದಕ್ಕೆ ಬ್ರೂವರ್ ಐನಾರ್ ಸಾಕ್ಷಿ ಎಂದು ಬರೆದು, ಕೆಳಗೆ ಅವನ ಸಹಿಗೆ ಜಾಗ ಬಿಟ್ಟಿದ್ದರು.

"ಸಹಿ ಹಾಕ್ದೆ ಇದ್ರೆ ಕೆಲಸ ಹೋಗತ್ತೆ," ಎಂದ. "ಏನು ಮಾಡ್ಲಿ ಹೇಳು."

ಸಿಗ್ನೆ ಪತ್ರವನ್ನು ಮಡಚಿ ಅವನ ಜೇಬಿಗೆ ತುರುಕಿದಳು. "ನಾನು ಹೇಳಲ್ಲ. ನೀನು ಏನೇ ಮಾಡು, ನಾನು ಅವತ್ತು ಸುರಿಯೋಳೇ. ನನಗೋಸ್ಕರ ಅಂತ ಏನೂ ಮಾಡ್ಬೇಡ, ಐನಾರ್. ನಾಳೆ ನನ್ನ ಮುಖ ನೋಡಿ, ನಿನ್ನಿಂದ ಕೆಲಸ ಕಳ್ಕೊಂಡೆ ಅನ್ನೋ ಗಂಡಸು ನನಗೆ ಬೇಡ."

ಅವನು ಹೊರಟುಹೋದ. ಮಂಗಳವಾರವಿಡೀ ಟ್ರಾಮಿನಲ್ಲಿ ಅವನಿರಲಿಲ್ಲ. ಬುಧವಾರವೂ ಇಲ್ಲ. ಸಿಗ್ನೆ ಪ್ರತಿ ಸ್ಟಾಪಿನಲ್ಲೂ ಕನ್ನಡಿಯಲ್ಲಿ ಹತ್ತುವವರನ್ನು ನೋಡಿದಳು, ನೋಡಿದ್ದಕ್ಕೆ ತನ್ನನ್ನೇ ಬೈದುಕೊಂಡಳು. ಶುಕ್ರವಾರ ಇಪ್ಪತ್ನಾಲ್ಕು ಬಾಟಲಿಗಳನ್ನು ಒಬ್ಬಳೇ ಪೆಟ್ಟಿಗೆಗೆ ತುಂಬಿಟ್ಟಳು.

ಶನಿವಾರ ಮಧ್ಯಾಹ್ನ ಗೋದಾಮು ಕಿಕ್ಕಿರಿದಿತ್ತು. ಬೆರಿತ್ ಕಂಪನಿಯ ಪತ್ರವನ್ನು ಗಟ್ಟಿಯಾಗಿ ಓದಿ, "ಸುರಿಯೋದೋ ಬಿಡೋದೋ ಸಿಗ್ನೆ ಇಷ್ಟ," ಎಂದಳು.

"ಕೇಸ್ ಹಾಕ್ಲಿ," ಎಂದು ಸಿಗ್ನೆ ಮೊದಲ ಮುಚ್ಚಳ ಎಬ್ಬಿಸಿದಳು. ಬುಸ್ಸೆಂದ ಸದ್ದಿಗೆ ಯಾರೋ ಚಪ್ಪಾಳೆ ತಟ್ಟಿದರು. ಅವಳು ಒಂದೊಂದೇ ಗ್ಲಾಸಿಗೆ ಸುರಿಯತೊಡಗಿದಳು.

ಆಗ ಹಿಂದಿನ ಸಾಲಿನಿಂದ ಐನಾರ್ ಎದ್ದು ಬಂದ. ಅಂಗಡಿಯ ಗ್ರೋಸೆಲ್‌ನ ಒಂದು ಪೆಟ್ಟಿಗೆಯನ್ನು ಅವಳ ಬಾಟಲಿಗಳ ಪಕ್ಕದಲ್ಲಿಟ್ಟು ಮೈಕಿನ ಮುಂದೆ ನಿಂತ. ಈ ಸಲ ಕಿವಿ ಬಿಳಿಚಿಕೊಂಡಿತ್ತು.

"ಎರಡನ್ನೂ ಕುಡಿದು ನೋಡಿ," ಎಂದ. "ಅಂಗಡಿಯದರಲ್ಲಿ ಎರಡು ವರ್ಷದಿಂದ ಪೋರ್ಸ್ ಎಲೆ ಇಲ್ಲ. ತೆಗೆದಿದ್ದು ನಾನು. ಬದಲಾಗಿಲ್ಲ ಅಂತ ಸುಳ್ಳು ಬರೆದಿದ್ದೂ ನಾನು. ಸಿಗ್ನೆಗೆ ಯಾರೂ ಏನೂ ಹೇಳ್ಕೊಟ್ಟಿಲ್ಲ, ಅವಳು ಮಾಡಿದ್ದನ್ನ ನಿಂತು ನೋಡಿದ್ದೀನಿ. ಅವಳನ್ನ ಕಳ್ಳಿ ಅಂದೆ. ತಪ್ಪಾಯ್ತು."

ಇನ್ನೂರು ಜನ ಎರಡೆರಡು ಪುಟ್ಟ ಗ್ಲಾಸ್ ಹಿಡಿದು ಮೂಸಿದರು, ಗುಟುಕರಿಸಿದರು. ಹಿಂದೆ ಅವಳ ನಾಲಿಗೆ ಸತ್ತಿದೆ ಎಂದು ನಕ್ಕಿದ್ದವನೊಬ್ಬ ಖಾಲಿ ಗ್ಲಾಸನ್ನು ಮತ್ತೆ ಸಿಗ್ನೆಯ ಮುಂದೆ ಚಾಚಿದ. ಬೆರಿತ್ ಚೀಲದಿಂದ ಸೌಟು ತೆಗೆದು ಅವಳ ಕೈಗಿತ್ತಳು.

ಹೊರಗೆ ಕಟ್ಟೆಯ ಮೇಲೆ ಐನಾರ್ ಒಬ್ಬನೇ ಕೂತಿದ್ದ. ಸಿಗ್ನೆ ಬಂದು ಪಕ್ಕದಲ್ಲಿ ಕೂತಳು.

"ಕೆಲಸ?"

"ನಿನ್ನೆಯೇ ಬಿಟ್ಟೆ. ಸಹಿ ಹಾಕದ ಪತ್ರ ಮೇಜಿನ ಮೇಲಿಟ್ಟು ಬಂದೆ. ನಿನಗೋಸ್ಕರ ಅಲ್ಲ, ಹೆದರ್ಬೇಡ."

"ನಾಲ್ಕು ದಿನ ಯಾಕೆ ಟ್ರಾಮ್ ಹತ್ತಲಿಲ್ಲ?"

"ನಿನ್ನ ಮುಖ ನೋಡಿದ್ರೆ ಅದು ನಿನಗೋಸ್ಕರ ಆಗಿಬಿಡ್ತಿತ್ತು." ಅವನು ನೀರನ್ನೇ ನೋಡುತ್ತಿದ್ದ. "ಸಿಗ್ನೆ, ನಿನ್ನನ್ನ ಪ್ರೀತಿಸ್ತೀನಿ. ಇದು ಮಾತ್ರ ಪೂರ್ತಿ ನಿನಗೋಸ್ಕರ."

ಗೋದಾಮಿನ ಬಾಗಿಲಲ್ಲಿ ಬೆರಿತ್ ಮತ್ತು ಅರ್ಧ ಕ್ಲಬ್ಬು ನಾಚಿಕೆಯಿಲ್ಲದೆ ನಿಂತು ನೋಡುತ್ತಿದ್ದರು. ಸಿಗ್ನೆ ಅವರತ್ತ ಒಮ್ಮೆ ತಿರುಗಿದಳು.

"ನೋಡ್ಲಿ ಬಿಡು," ಎಂದು ಅವನ ಅಂಗಿಯ ಕಾಲರ್ ಹಿಡಿದು ಎಳೆದು, ಮುತ್ತಿಟ್ಟಳು.