ಜಿಪ್ ಇಲ್ಲದ ಬೆನ್ನು

ಅಗ್ಗದ ರಾಕ್ಷಸ ಸಿನಿಮಾಗಳ ವಿಮರ್ಶೆ ಬರೆಯುವುದು ನನ್ನ ಕಸುಬು. ರಬ್ಬರ್ ವೇಷದ ಬೆನ್ನಲ್ಲಿ ಜಿಪ್ ಕಂಡರೆ ಸಾಕು, ನಿರ್ದೇಶಕನ ಮಾನ ಹರಾಜು ಹಾಕುತ್ತೇನೆ. ಮೊನ್ನೆ ಮಧ್ಯಾಹ್ನ ಮನೆಯಲ್ಲಿ ಕೂತು ನೋಡಿದ, ನಿರ್ದೇಶಕನೊಬ್ಬ ಕಳಿಸಿದ್ದ ಅರೆಮುಗಿದ ಸಿನಿಮಾದಲ್ಲಿ ಎಷ್ಟು ಹುಡುಕಿದರೂ ಜಿಪ್ ಸಿಗಲಿಲ್ಲ. ತೆರೆಯ ಮೇಲಿನ ಕೋಣೆಯಲ್ಲಿ ರಾಕ್ಷಸ ನಮಗೆ ಬೆನ್ನು ಹಾಕಿ ನಿಂತಿತ್ತು. ಪಕ್ಕೆಗಳು ಮೆಲ್ಲಗೆ ಏರಿಳಿಯುತ್ತಿದ್ದವು.

"ಏನೋ ಅದು, ಒದ್ದೆ ಚರ್ಮದ ವಾಸನೆ?" ಅಡುಗೆಮನೆಯಿಂದ ಅಕ್ಕ ಗದರಿದಳು.

ನಿರ್ದೇಶಕನಿಗೆ ಫೋನ್ ಮಾಡಿ ಹೊಗಳಿದೆ.

"ತಮಾಷೆ ಮಾಡ್ಬೇಡಿ ಸಾರ್. ವೇಷ ಇನ್ನೂ ಟೈಲರ್ ಹತ್ರಾನೇ ಇದೆ. ಆ ಸೀನಲ್ಲಿ ಇರೋದು ಬರೀ ಖಾಲಿ ಕೋಣೆ," ಎಂದ.

ಆ ಸೀನ್ ಮತ್ತೆ ಹಾಕಿ ನೋಡಿದೆ. ಕೋಣೆ ನಿಜಕ್ಕೂ ಖಾಲಿಯಿತ್ತು.

ಅಡುಗೆಮನೆಯಿಂದ ಅಕ್ಕನ ದನಿ ಕೇಳಿತು: "ಬರಿಮೈಲಿ ಬೆನ್ನು ಹಾಕ್ಕೊಂಡು ಯಾಕೋ ನಿಂತಿದ್ದೀಯ? ಈ ಕಡೆ ತಿರುಗೋ!"

ನಾನಿನ್ನೂ ಕುರ್ಚಿಯಿಂದ ಎದ್ದಿರಲಿಲ್ಲ.