ಕೀಲಿ ನನ್ನ ಹತ್ರ ಐತಿ

ಸತ್ತವನು ಸಭೆಯಲ್ಲಿ ಮಾತಾಡಿದ್ದಾನೆ ಎಂದು ದೂರು ಬಂದರೆ ಯಾವ ಕಲಮಿನಡಿ ಎಫ್‌ಐಆರ್ ಹಾಕುವುದು? ಸಿಂಧನೂರಿನ ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಸುರೇಖಾ ಸೋಮವಾರ ಬೆಳಿಗ್ಗೆ ತಲೆಗೆ ಕೈ ಹಚ್ಚಿ ಕೂತಿದ್ದು ಇದಕ್ಕೇ.

ಎದುರಿಗೆ ಮಸ್ಕಿ ರಸ್ತೆಯ ಹಳ್ಳಿಯ ಅಯ್ಯಮ್ಮ. ಅವಳ ಗಂಡ ಅಂಬಪ್ಪ ಕಾಲುವೆ ನೀರು ಬಳಕೆದಾರರ ಸಂಘದ ಅಧ್ಯಕ್ಷ. ಹೋದ ತಿಂಗಳು ಕಾಲುವೆಗೆ ನೀರು ಬಿಡುವ ಗೇಟಿನ ಕೆಳಗೆ ಹೆಣವಾಗಿ ಸಿಕ್ಕಿದ್ದ. ಕಾಲು ಜಾರಿ ಬಿದ್ದನೆಂದು ಅಸಹಜ ಸಾವಿನ ಪ್ರಕರಣ ದಾಖಲಾಗಿತ್ತು. ಉಡದಾರಕ್ಕೆ ಕಟ್ಟಿಕೊಳ್ಳುತ್ತಿದ್ದ ಗೇಟಿನ ಕೀಲಿ ಮಾತ್ರ ಸಿಕ್ಕಿರಲಿಲ್ಲ.

“ಕುಡ್ದು ಬಿದ್ದ ಅಂತ ಊರೆಲ್ಲಾ ಆಡಿಕೊಳ್ಳಾಕತ್ತೈತ್ರೀ. ಹನಿ ಮುಟ್ಟಿದವನಲ್ಲ ನನ್ನ ಗಂಡ. ಖರೇ ಏನಂತ ನೀವ ಹೇಳ್ಬೇಕು. ಇದನ್ನ ನೋಡ್ರಿ, ಸಂಘದ ವಾಟ್ಸಾಪ್‌ನಾಗ ನಿನ್ನಿ ಬಂದೈತಿ.”

ನಿನ್ನೆಯ ಸಭೆಯ ಮಾತನ್ನೆಲ್ಲ ಕೇಳಿಸಿಕೊಂಡು ಫೋನಿನ ಎಐ ತಾನೇ ಬರೆದ ಟಿಪ್ಪಣಿ ಅದು. ಯಾರು ಏನೆಂದರು ಎಂಬುದು ಹೆಸರಿನ ಸಮೇತ ಇತ್ತು. ನಡುವೆ ಒಂದು ಸಾಲು: ‘ಅಂಬಪ್ಪ: ಕೀಲಿ ನನ್ನ ಹತ್ರ ಐತಿ. ನೀರು ನಾ ಬಿಡ್ತೀನಿ.’

ಸುರೇಖಾ ಆ ಸಾಲನ್ನು ಮತ್ತೊಮ್ಮೆ ಓದಿದಳು. ಕಾನ್‌ಸ್ಟೇಬಲ್ ವೀರೇಶ ಸುಮ್ಮನೆ ಎದ್ದು ಹೋಗಿ ಬಾಗಿಲ ಹೊರಗೆ ಯಾರಾದರೂ ಇದ್ದಾರೆಯೇ ಎಂದು ನೋಡಿ ಬಂದ.

ಮಧ್ಯಾಹ್ನ ಸಂಘದ ಕಚೇರಿ. ಕಾರ್ಯದರ್ಶಿ ಕನಕರಾಯ ಬೆವರೊರೆಸಿಕೊಳ್ಳುತ್ತ ನಿಂತ.

“ಈ ಮಾತು ಆಡಿದವರು ಯಾರು?”

“ನೆನಪಿಲ್ರೀ ಮೇಡಂ. ಎಲ್ಲಾರೂ ಒಮ್ಮಿಗೇ ಒದರಾಕತ್ತಿದ್ರು. ಫೋನ್ ಬರ್ಕೋತೈತಿ ಅಂದ ಮ್ಯಾಲ ಕಿವಿ ಯಾರು ಕೊಡ್ತಾರ್ರೀ? ಬರದದ್ದನ್ನೂ ಯಾರೂ ಓದಂಗಿಲ್ಲ.”

“ಯಾವ ದನಿ ಯಾರದಂತ ಫೋನಿಗೆ ಹೆಂಗ ಗೊತ್ತು?”

“ಮೊದಲ್ನೇ ಸಭಾದಾಗ ಅದರ ಮುಂದ ಹಾಜರಿ ಕರದ್ವಿ. ಒಬ್ಬೊಬ್ರೂ ತಮ್ಮ ತಮ್ಮ ಹೆಸರು ಹೇಳಿದ್ರು. ಅದರ ಮ್ಯಾಲ ಫೋನ್ ದನಿ ಗುರ್ತು ಹಿಡೀತೈತಿ.”

“ಅಂಬಪ್ಪನೂ ಹೇಳಿದನಾ?”

ಕನಕರಾಯ ತಡವರಿಸಿದ. “ಅವ್ರು ಯಾವಾಗ್ಲೂ ತಡಾ ಮಾಡಿ ಬರೋರು. ಅವತ್ತೂ ಅವರ ಬದ್ಲಿ ಅವರ ತಮ್ಮ ಹುಲಿಗೇಶನೇ ‘ಅಂಬಪ್ಪ ಹಾಜರ್’ ಅಂದಿದ್ದ. ನಮ್ಮಾಗ ಅದು ನಡೀತೈತ್ರೀ.”

ಸುರೇಖಾ ಸಭೆ ಬರೆದುಕೊಳ್ಳುವ ಆ ಫೋನನ್ನು ಚಾಲೂ ಮಾಡಿ ಮೇಜಿನ ಮೇಲಿಟ್ಟು ಹುಲಿಗೇಶನನ್ನು ಕರೆಸಿದಳು.

“ಅಣ್ಣ ಸತ್ತ ದಿನ ಎಲ್ಲಿದ್ದಿ?”

“ಗದ್ದ್ಯಾಗ ರೀ.”

ಪರದೆಯ ಮೇಲೆ ಒಂದೊಂದೇ ಅಕ್ಷರ ಮೂಡಿತು. ‘ಅಂಬಪ್ಪ: ಗದ್ದ್ಯಾಗ ರೀ.’

“ಅಯ್ಯೋ ಶಿವನೇ!” ಕನಕರಾಯ ಗೋಡೆಗೆ ಆತುಕೊಂಡ. ಹುಲಿಗೇಶ ಬಗ್ಗಿ ಓದಿದ.

“ಕೀಲಿ ಎಲ್ಲೈತಿ?”

ಅವನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಮೇಜಿನ ಮೇಲೆ ಫೋನು ಅಂಬಪ್ಪನ ಮುಂದಿನ ಮಾತಿಗೆ ಕಾಯುತ್ತಿತ್ತು.

ಇಬ್ಬರು ಪಂಚರ ಎದುರು ಅವನ ಉಡದಾರದಿಂದ ಕೀಲಿ ಬಿಚ್ಚಿ, ಜಪ್ತಿ ಮಾಡಿ, ಪಂಚನಾಮೆ ಬರೆದರು. ಸಂಜೆಗೆ ಕೊಲೆ ಪ್ರಕರಣ ದಾಖಲಾಯಿತು. ಹುಲಿಗೇಶನ ಬಂಧನವೂ ಆಯಿತು.

ಅಯ್ಯಮ್ಮ ಠಾಣೆಯ ಬಾಗಿಲಲ್ಲೇ ಕುಸಿದಳು. “ಅಣ್ಣನ್ನ ಮಣ್ಣು ಮಾಡಿ ಬಂದು ನನ್ನ ಕೈಯಾಗಿನ ರೊಟ್ಟಿ ತಿಂದ್ಯಲ್ಲೋ ಮೈದುನ!”

ಅವನು ಅತ್ತಿಗೆಯ ಕಡೆ ತಲೆ ಎತ್ತಲಿಲ್ಲ. ಹೇಳಿಕೆ ಬರೆದುಕೊಳ್ಳುವಾಗ ಸುರೇಖಾ ಒಂದೇ ಮಾತು ಕೇಳಿದಳು.

“ಯಾಕ?”

“ನನ್ನೂ ಮೆಂಬರ್ ಮಾಡಂತ ಗೇಟಿನ ಮ್ಯಾಲ ಕೇಳ್ದೆ ರೀ. ‘ನೀ ಹಾಜರಿ ಹೇಳಾಕಷ್ಟ ಲಾಯಕ್ ಲೇ’ ಅಂತ ನಕ್ಕ. ಕೀಲಿ ಕಸ್ಕೊಂಡು ನೂಕಿಬಿಟ್ಟೆ.” ಮೇಜಿನ ಮೇಲಿನ ಜಪ್ತಿಯ ಕೀಲಿಯನ್ನು ನೋಡಿದ. “ಕೀಲಿ ನನ್ನ ಹತ್ರ ಐತಿ ಅಂದೆ ನೋಡ್ರಿ, ಆ ಸಭಾದಾಗ ನಂದಂತ ಆಡಿದ್ದು ಅದೊಂದ ಮಾತು. ಅದನ್ನೂ ಫೋನ್ ಅಣ್ಣನ ಹೆಸರಿಗೇ ಬರ್ಕೊಂತ್ರೀ.”